ಜಾರ್ಜ್ ಸಾಂಡ್: ಬದುಕು ಮತ್ತು ಜೀವನದೃಷ್ಟಿ

ಫ್ರಾನ್ಸಿನ ನಾಗರಿಕ ಸಂಹಿತೆ ಜಾರಿಗೆ ಬಂದದ್ದು 1804ರ ಮಾರ್ಚ್ 21ರಂದು. ಕ್ರಾಂತಿಯ ಗೊಂದಲದ ನಂತರ ನೆಪೋಲಿಯನ್ ಕಟ್ಟಿಕೊಟ್ಟ ಈ ಸಂಹಿತೆ ಗಂಡಸರಿಗೆ ಕಾನೂನಿನ ಸಮಾನತೆಯನ್ನು ನೀಡಿತು; ವಿವಾಹಿತ ಸ್ತ್ರೀಯನ್ನು ಮಾತ್ರ ಅಪ್ರಾಪ್ತವಯಸ್ಕರ ಸಾಲಿನಲ್ಲಿ ನಿಲ್ಲಿಸಿತು. ರಕ್ಷಣೆ ಗಂಡನ ಕರ್ತವ್ಯವೆಂದೂ ವಿಧೇಯತೆ ಹೆಂಡತಿಯ ಕರ್ತವ್ಯವೆಂದೂ ಅದು ವಿಧಿಸಿತು. ಗಂಡನ ಒಪ್ಪಿಗೆಯಿಲ್ಲದೆ ಆಕೆ ಆಸ್ತಿಯನ್ನು ಮಾರುವಂತಿರಲಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತುವಂತಿರಲಿಲ್ಲ. ಇದಾದ ಮೂರು ತಿಂಗಳ ನಂತರ, ಅದೇ ವರ್ಷದ ಜುಲೈ 1ರಂದು, ಪ್ಯಾರಿಸ್ಸಿನಲ್ಲಿ ಅಮಾಂತಿನ್ ಲೂಸಿಲ್ ಒರೋರ್ ದ್ಯುಪಾಂ ಎಂಬ ಹೆಣ್ಣುಮಗು ಹುಟ್ಟಿತು. ಮುಂದೆ ಜಾರ್ಜ್ ಸಾಂಡ್ ಎಂಬ ಹೆಸರಿನಿಂದ ಯುರೋಪಿನಾದ್ಯಂತ ಪ್ರಸಿದ್ಧಳಾದ ಕಾದಂಬರಿಕಾರ್ತಿ ಈಕೆಯೇ. ಈ ಸಂಹಿತೆಗೂ ಈ ಲೇಖಕಿಗೂ ಇದ್ದ ಸಂಘರ್ಷ ಆಕೆಯ ಜೀವನದುದ್ದಕ್ಕೂ ನಡೆಯಿತು.

ಜಾರ್ಜ್ ಸಾಂಡ್ ಹೆಸರು ಕೇಳಿದೊಡನೆ ಬಹುಮಂದಿಗೆ ನೆನಪಾಗುವುದು ಆಕೆಯ ಗಂಡುಡುಗೆ, ಚುಟ್ಟಾ, ಕವಿ ಮ್ಯುಸೆ ಹಾಗೂ ಸಂಗೀತಗಾರ ಶೋಪಾಂ ಜೊತೆಗಿನ ಸಂಬಂಧಗಳು. ಎಪ್ಪತ್ತರಷ್ಟು ಕಾದಂಬರಿಗಳನ್ನೂ ಅನೇಕ ನಾಟಕಗಳನ್ನೂ ಬೃಹತ್ತಾದ ಆತ್ಮಕಥೆಯನ್ನೂ ಇಪ್ಪತ್ತೈದು ಸಂಪುಟಗಳನ್ನು ಮೀರುವಷ್ಟು ಪತ್ರಗಳನ್ನೂ ಬರೆದ ಲೇಖಕಿಯೊಬ್ಬಳು ತನ್ನ ಪ್ರಣಯಗಳ ಪಟ್ಟಿಯ ಹಿಂದೆ ಮರೆಯಾದದ್ದು ಸಾಹಿತ್ಯ ಚರಿತ್ರೆಯ ವ್ಯಂಗ್ಯಗಳಲ್ಲೊಂದು. ಆಕೆಯ ಬದುಕನ್ನು ಕಾನೂನು, ಆಸ್ತಿ ಮತ್ತು ಬರವಣಿಗೆಯ ದುಡಿಮೆ ಎಂಬ ಮೂರು ನೆಲೆಗಳಿಂದ ಗಮನಿಸಿದಾಗ ಬೇರೊಂದು ಚಿತ್ರ ಕಾಣುತ್ತದೆ. ಸ್ತ್ರೀಸ್ವಾತಂತ್ರ್ಯದ ಪ್ರತೀಕವೆಂದು ಹೆಸರಾದ ಈಕೆ 1848ರಲ್ಲಿ ಮಹಿಳೆಯರ ರಾಜಕೀಯ ಹಕ್ಕಿನ ಬೇಡಿಕೆಗೆ ಬೆಂಬಲ ನೀಡದೆ ದೂರ ಉಳಿದದ್ದು ಏಕೆ ಎಂಬ ಕಠಿಣ ಪ್ರಶ್ನೆಗೂ ಉತ್ತರ ಹುಡುಕಬೇಕಾದದ್ದು ಈ ನೆಲೆಗಳಲ್ಲಿಯೇ.

ಎರಡು ಕುಲಗಳ ನಡುವೆ

ಒರೋರ್‌ಳ ತಂದೆ ಮೊರೀಸ್ ದ್ಯುಪಾಂ ನೆಪೋಲಿಯನ್ನನ ಸೈನ್ಯದಲ್ಲಿ ಅಧಿಕಾರಿ. ಆತನ ತಾಯಿ ಮಾರಿ ಒರೋರ್, ಪ್ರಸಿದ್ಧ ಸೇನಾನಿ ಮಾರ್ಷಲ್ ದ ಸಾಕ್ಸ್‌ನ ವಿವಾಹೇತರ ಸಂತಾನ. ಆ ಮಾರ್ಷಲ್ ಪೋಲೆಂಡಿನ ದೊರೆ ಎರಡನೆಯ ಆಗಸ್ಟಸ್‌ನ ವಿವಾಹೇತರ ಸಂತಾನ. ಹೀಗೆ ತಂದೆಯ ಕಡೆಯಿಂದ ರಾಜರಕ್ತ. ತಾಯಿ ಸೋಫಿ ವಿಕ್ತ್ವಾರ್ ದೆಲಾಬೋರ್ದ್ ಪ್ಯಾರಿಸ್ಸಿನ ಹಕ್ಕಿ ಮಾರುವವನೊಬ್ಬನ ಮಗಳು. ಬಡತನದಲ್ಲಿ ಬೆಳೆದವಳು, ಸೈನ್ಯದ ಹಿಂದೆ ಅಲೆದವಳು. ಮಗು ಹುಟ್ಟುವುದಕ್ಕೆ ಒಂದು ತಿಂಗಳಿಗೂ ಕಡಿಮೆ ಕಾಲವಿದ್ದಾಗ ಇವರಿಬ್ಬರೂ ಗುಟ್ಟಾಗಿ ಮದುವೆಯಾದರು. ಅರಮನೆ ಮತ್ತು ಬೀದಿ ಎರಡೂ ಒಂದೇ ಮಗುವಿನಲ್ಲಿ ಕೂಡಿದ್ದವು.

1808ರಲ್ಲಿ ಸ್ಪೇನಿನ ಯುದ್ಧಕಾಲದಲ್ಲಿ ತಂದೆಯನ್ನು ಸೇರಲು ತಾಯಿ ಮಗಳೊಡನೆ ಮ್ಯಾಡ್ರಿಡ್‌ಗೆ ಹೋದಳು. ಕುಟುಂಬ ಅಲ್ಲಿಂದ ಕಷ್ಟಪಟ್ಟು ಹಿಂತಿರುಗಿ ಮಧ್ಯ ಫ್ರಾನ್ಸಿನ ಬೆರಿ ಪ್ರಾಂತದಲ್ಲಿರುವ ನೊಆಂ ಎಂಬ ಹಳ್ಳಿಗೆ, ಅಜ್ಜಿಯ ಜಮೀನಿನ ಮನೆಗೆ ಬಂತು. ಸ್ಪೇನಿನಲ್ಲಿ ಹುಟ್ಟಿದ ಗಂಡುಮಗು ಶೈಶವದಲ್ಲೇ ತೀರಿಕೊಂಡಿತು. ಸೆಪ್ಟೆಂಬರ್‌ನಲ್ಲಿ ತಂದೆ ಕುದುರೆಯಿಂದ ಬಿದ್ದು ಮೃತನಾದ. ನಾಲ್ಕು ವರ್ಷದ ಒರೋರ್ ಅಜ್ಜಿ ಮತ್ತು ತಾಯಿಯ ನಡುವಿನ ಹಗ್ಗಜಗ್ಗಾಟದ ವಸ್ತುವಾದಳು. ಕೊನೆಗೆ ಅಜ್ಜಿ ಸೊಸೆಗೆ ವಾರ್ಷಿಕ ಭತ್ಯವನ್ನು ಗೊತ್ತುಮಾಡಿ ಮೊಮ್ಮಗಳ ಪಾಲನೆಯ ಹಕ್ಕನ್ನು ತಾನು ಪಡೆದಳು. ತಾಯಿ ಪ್ಯಾರಿಸ್ಸಿನಲ್ಲಿದ್ದ ತನ್ನ ಮತ್ತೊಬ್ಬ ಮಗಳ ಬಳಿಗೆ ಹೋದಳು. ಹಣವುಳ್ಳವರು ಇಲ್ಲದವರಿಂದ ಮಗುವನ್ನೂ ಪಡೆಯಬಲ್ಲರು ಎಂಬ ಕಹಿಸತ್ಯ ಹೀಗೆ ಬಾಲ್ಯದಲ್ಲಿಯೇ ಆಕೆಯ ಅನುಭವಕ್ಕೆ ಬಂತು. ಮುಂದೆ ಆತ್ಮಕಥೆಯಲ್ಲಿ ಆಕೆ ತಂದೆಯ ವಂಶಾವಳಿಯನ್ನು ವಿವರವಾಗಿ ಹೇಳಿದರೂ ತಾಯಿಯ ಕುಲವೂ ಅಷ್ಟೇ ಪ್ರಾಚೀನ, ಅದರ ದಾಖಲೆಗಳು ಮಾತ್ರ ಉಳಿದಿಲ್ಲ ಎಂಬ ನಿಲುವನ್ನು ತಳೆದದ್ದು ಗಮನಾರ್ಹ.

ಅಜ್ಜಿ ಹದಿನೆಂಟನೆಯ ಶತಮಾನದ ವೈಚಾರಿಕತೆಯಲ್ಲಿ ಬೆಳೆದವಳು, ವಾಲ್ಟೇರನನ್ನು ಮೆಚ್ಚಿದವಳು. ಮನೆಯ ಗುರು ದೆಶಾರ್ತ್ರ್ ಬಾಲಕಿಗೆ ಲ್ಯಾಟಿನ್, ನಿಸರ್ಗವಿಜ್ಞಾನಗಳನ್ನು ಕಲಿಸಿದ. ಕುದುರೆಸವಾರಿಗೆ, ಬೇಟೆಗೆ ಹುಡುಗರ ಉಡುಪೇ ಅನುಕೂಲವೆಂದು ತೋರಿಸಿಕೊಟ್ಟವನೂ ಆತನೇ. ಉಳಿದ ಸಮಯವೆಲ್ಲ ಹಳ್ಳಿಯ ಮಕ್ಕಳೊಡನೆ ಹೊಲ, ತೋಟ, ಹಟ್ಟಿಗಳಲ್ಲಿ ಕಳೆಯುತ್ತಿತ್ತು. 1818ರಿಂದ 1820ರವರೆಗೆ ಪ್ಯಾರಿಸ್ಸಿನ ಇಂಗ್ಲಿಷ್ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಶಿಕ್ಷಣ ದೊರೆಯಿತು. ಅಲ್ಲಿ ತೀವ್ರವಾದ ಭಕ್ತಿಯ ಅನುಭವಕ್ಕೆ ಒಳಗಾದ ಆಕೆ ಸನ್ಯಾಸಿನಿಯಾಗುವ ಯೋಚನೆಯನ್ನೂ ಮಾಡಿದಳು. ಇದರಿಂದ ಗಾಬರಿಗೊಂಡ ಅಜ್ಜಿ ಆಕೆಯನ್ನು ನೊಆಂಗೆ ಕರೆಸಿಕೊಂಡಳು. ಹಾಸಿಗೆ ಹಿಡಿದ ಅಜ್ಜಿಯ ಶುಶ್ರೂಷೆ ಮಾಡುತ್ತಲೇ ಆಕೆ ರೂಸೋ, ಶಾತೋಬ್ರಿಯಾಂ ಮೊದಲಾದವರನ್ನು ಓದಿದಳು. ರೂಸೋನ ಪ್ರಭಾವ ಕೊನೆಯತನಕ ಉಳಿಯಿತು. ಆದರೆ ಸ್ತ್ರೀಶಿಕ್ಷಣದ ಬಗ್ಗೆ ಆತನಿಗಿದ್ದ ಸಂಕುಚಿತ ದೃಷ್ಟಿ ಆಕೆಗೆ ಒಪ್ಪಿಗೆಯಾಗಲಿಲ್ಲ. 1821ರ ಡಿಸೆಂಬರ್‌ನಲ್ಲಿ ಅಜ್ಜಿ ತೀರಿಕೊಂಡಾಗ ಹದಿನೇಳರ ಒರೋರ್ ನೊಆಂ ಮನೆ, ಜಮೀನುಗಳಿಗೆ ಉತ್ತರಾಧಿಕಾರಿಯಾದಳು.

ವಿವಾಹವೆಂಬ ಬಂಧನ

1822ರ ಸೆಪ್ಟೆಂಬರ್‌ನಲ್ಲಿ ಆಕೆಯ ವಿವಾಹ ಕಾಸಿಮೀರ್ ದ್ಯುದೆವಾಂ ಎಂಬ ಯುವಕನೊಡನೆ ನಡೆಯಿತು. ಮಗ ಮೊರೀಸ್ 1823ರಲ್ಲಿ, ಮಗಳು ಸೊಲಾಂಜ್ 1828ರಲ್ಲಿ ಹುಟ್ಟಿದರು. ಕಾಸಿಮೀರ್ ಅಸಾಧಾರಣ ದುಷ್ಟನೇನೂ ಅಲ್ಲ. ಬೇಟೆ, ಕುಡಿತ, ಊಟಗಳಲ್ಲಿ ತೃಪ್ತಿ ಕಂಡ, ಪುಸ್ತಕ ಸಂಗೀತಗಳ ಗೊಡವೆಯಿಲ್ಲದ ಆ ಕಾಲದ ಸಾಮಾನ್ಯ ಜಮೀನುದಾರ. ಕಾನೂನು ಇಂಥವನ ಕೈಗೆ ನೀಡಿದ ಅಧಿಕಾರದಲ್ಲಿ ಸಮಸ್ಯೆಯಿತ್ತು. ನೊಆಂ ಹೆಂಡತಿಯ ತವರಿನ ಆಸ್ತಿ. ಆದರೆ ಅದರ ಆಡಳಿತ ಗಂಡನದು. ಅದರ ಆದಾಯದಿಂದ ತನಗೆಷ್ಟು ಬೇಕೆಂದು ಹೆಂಡತಿಯೇ ಗಂಡನನ್ನು ಕೇಳಬೇಕಾಗಿತ್ತು. 1792ರ ಕ್ರಾಂತಿಕಾಲದಲ್ಲಿ ದೊರೆತಿದ್ದ ವಿಚ್ಛೇದನದ ಅವಕಾಶವನ್ನು 1816ರಲ್ಲಿ ಮರಳಿ ಬಂದ ರಾಜಪ್ರಭುತ್ವ ರದ್ದುಗೊಳಿಸಿತ್ತು. ವ್ಯಭಿಚಾರದ ವಿಷಯದಲ್ಲಿಯೂ ಗಂಡು ಹೆಣ್ಣುಗಳಿಗೆ ಬೇರೆ ಬೇರೆ ಅಳತೆಗೋಲು ಇತ್ತು: ಹೆಂಡತಿ ತಪ್ಪಿದರೆ ಗಂಡ ದೂರು ಕೊಡಬಹುದು, ಗಂಡ ತಪ್ಪಿದಾಗ, ಪ್ರೇಯಸಿಯನ್ನು ಸಂಸಾರದ ಮನೆಯಲ್ಲಿಯೇ ಇರಿಸಿಕೊಂಡಿದ್ದರೆ ಮಾತ್ರ ಹೆಂಡತಿ ದೂರು ಕೊಡಬಹುದು.

1830ರ ಕೊನೆಯಲ್ಲಿ ಗಂಡನ ಮೇಜಿನ ಖಾನೆಯಲ್ಲಿ ಆಕೆಗೆ ಒಂದು ಲಕೋಟೆ ಸಿಕ್ಕಿತು. ತನ್ನ ಮರಣಾನಂತರ ಮಾತ್ರ ತೆರೆಯಬೇಕೆಂಬ ಸೂಚನೆಯೊಡನೆ ಹೆಂಡತಿಯ ಹೆಸರಿಗೆ ಬರೆದಿಟ್ಟಿದ್ದ ಆ ಕಾಗದದಲ್ಲಿ ತಿರಸ್ಕಾರ, ದೂಷಣೆಗಳೇ ತುಂಬಿದ್ದವು. ಆಕೆ ಅದನ್ನು ತೆರೆದು ಓದಿದಳು. ಓದಿದೊಡನೆ ನಿರ್ಧಾರಕ್ಕೆ ಬಂದಳು. ವರ್ಷದ ಅರ್ಧಭಾಗ ಪ್ಯಾರಿಸ್ಸಿನಲ್ಲಿ, ಅರ್ಧಭಾಗ ಮಕ್ಕಳೊಡನೆ ನೊಆಂನಲ್ಲಿ ಇರುವುದೆಂದೂ ತನ್ನದೇ ಆಸ್ತಿಯ ಆದಾಯದಿಂದ ತನಗೊಂದು ಭತ್ಯ ಬರಬೇಕೆಂದೂ ಗೊತ್ತುಮಾಡಿಕೊಂಡು 1831ರ ಜನವರಿಯಲ್ಲಿ ಆಕೆ ಪ್ಯಾರಿಸ್ಸಿಗೆ ಹೊರಟಳು. ಅದು ಮನೆ ಬಿಟ್ಟು ಓಡಿಹೋಗುವ ಪ್ರಣಯಿನಿಯ ಸಾಹಸವಾಗಿರಲಿಲ್ಲ, ಷರತ್ತುಗಳನ್ನು ಗೊತ್ತುಮಾಡಿಕೊಂಡು ಹೊರಟ ಗೃಹಿಣಿಯ ಲೆಕ್ಕಾಚಾರವಾಗಿತ್ತು.

ಉಡುಪು, ಹೆಸರು, ವೃತ್ತಿ

ಪ್ಯಾರಿಸ್ಸಿನಲ್ಲಿ ಆ ಭತ್ಯ ಸಾಲುತ್ತಿರಲಿಲ್ಲ. ಬಟ್ಟೆ ಹೊಲಿಯುವುದು, ಚಿಕ್ಕ ಪೆಟ್ಟಿಗೆಗಳ ಮೇಲೆ ಹೂವು ಹಕ್ಕಿಗಳ ಚಿತ್ರ ಬರೆಯುವುದು ಮುಂತಾದ ದಾರಿಗಳನ್ನು ಯೋಚಿಸಿದ ಮೇಲೆ ಆಕೆ ಬರವಣಿಗೆಯನ್ನು ಆರಿಸಿಕೊಂಡಳು. ಬೆರಿ ಪ್ರಾಂತದವನೇ ಆದ ಲಾತೂಶ್ ಎಂಬ ಸಂಪಾದಕ ನಡೆಸುತ್ತಿದ್ದ 'ಫಿಗಾರೊ' ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಸಣ್ಣ ಕಾಗದದ ಚೂರಿನಲ್ಲಿ ಗೊತ್ತಾದ ಅಳತೆಗೆ ಲೇಖನ ಬರೆದುಕೊಡುವ ಶಿಸ್ತನ್ನು ಆಕೆ ಕಲಿತದ್ದು ಅಲ್ಲಿ.

ಬಹುಚರ್ಚಿತವಾದ ಗಂಡುಡುಗೆಯ ಪ್ರಸಂಗವನ್ನೂ ಈ ಆರ್ಥಿಕ ಹಿನ್ನೆಲೆಯಲ್ಲಿ ಅರ್ಥೈಸಿಕೊಳ್ಳಬೇಕು. ರಂಗಮಂದಿರದಲ್ಲಿ ಅಗ್ಗದ ಸ್ಥಳವೆಂದರೆ ನೆಲದ ಮೇಲಿನ ಆವರಣ. ಅಲ್ಲಿಗೆ ಹೆಂಗಸರು ಹೋಗುವಂತಿರಲಿಲ್ಲ. ಹೆಂಗಸರ ತೆಳು ಪಾದರಕ್ಷೆಗಳು ಪ್ಯಾರಿಸ್ಸಿನ ಕೆಸರಿಗೆ ಎರಡೇ ದಿನದಲ್ಲಿ ಹಾಳಾಗುತ್ತಿದ್ದವು. ದಪ್ಪ ಬಟ್ಟೆಯ ಬೂದುಬಣ್ಣದ ನಿಲುವಂಗಿ, ಷರಾಯಿ, ಕಬ್ಬಿಣದ ಹಿಮ್ಮಡಿಯ ಬೂಟುಗಳು ಬಾಳಿಕೆ ಬರುವಂಥವು. ಅವುಗಳನ್ನು ಧರಿಸಿದವರನ್ನು ಬೀದಿಯಲ್ಲಿ ಯಾರೂ ತಡೆದು ನಿಲ್ಲಿಸುತ್ತಿರಲಿಲ್ಲ. ಹೆಂಗಸರು ಗಂಡುಡುಗೆ ತೊಡಲು ಪೊಲೀಸರ ಅನುಮತಿ ಪಡೆಯಬೇಕೆಂಬ 1800ರ ಆಜ್ಞೆ ಆಗ ಜಾರಿಯಲ್ಲಿತ್ತು. ನಗರದಲ್ಲಿ ಅಡ್ಡಿಯಿಲ್ಲದೆ ನಡೆಯುವ, ನೋಡುವ, ಕೇಳುವ ಹಕ್ಕನ್ನು ಆಕೆ ಆ ಉಡುಪಿನಿಂದ ಗಳಿಸಿಕೊಂಡಳು.

ಹೆಸರಿನ ಕಥೆಯೂ ಹೀಗೆಯೇ. ಪ್ರಿಯಕರನೂ ಸಹಲೇಖಕನೂ ಆಗಿದ್ದ ಜೂಲ್ ಸಾಂಡೋ ಜೊತೆಗೂಡಿ ಬರೆದ 'ರೋಜ್ ಮತ್ತು ಬ್ಲಾಂಶ್' 1831ರಲ್ಲಿ ಆತನ ಹೆಸರನ್ನು ಮೊಟಕುಗೊಳಿಸಿದ ಜೆ. ಸಾಂಡ್ ಎಂಬ ಅಂಕಿತದಲ್ಲಿ ಪ್ರಕಟವಾಯಿತು. ಮರುವರ್ಷ ಒಬ್ಬಳೇ ಬರೆದ 'ಇಂಡಿಯಾನಾ' ಕಾದಂಬರಿಗೆ ಸಾಂಡೋ ತನ್ನ ಹೆಸರು ಸೇರಿಸಲು ಒಪ್ಪಲಿಲ್ಲ. ತವರಿನ ಹೆಸರನ್ನಾಗಲಿ ಗಂಡನ ಹೆಸರನ್ನಾಗಲಿ ಪುಸ್ತಕದ ಮೇಲೆ ಹಾಕಲು ಕುಟುಂಬದ ವಿರೋಧವಿತ್ತು. ಸಾಂಡ್ ಎಂಬುದನ್ನು ಉಳಿಸಿಕೊಂಡು ಜಾರ್ಜ್ ಎಂಬ ಹೊಸ ಹೆಸರನ್ನು ಆಕೆ ಸೇರಿಸಿಕೊಂಡಳು. ತಂದೆಯಿಂದಲೂ ಗಂಡನಿಂದಲೂ ಬಾರದ, ತಾನೇ ದುಡಿದು ಗಳಿಸಿದ ಹೆಸರು ಅದು. ಮುಂದೆ ಆಕೆಯ ಮಗನೂ ಮೊರೀಸ್ ಸಾಂಡ್ ಎಂದೇ ಪ್ರಸಿದ್ಧನಾದ.

ಆರಂಭದ ಕಾದಂಬರಿಗಳ ವಿವಾಹ ವಿಮರ್ಶೆ

'ಇಂಡಿಯಾನಾ' 1832ರ ಮೇ ತಿಂಗಳಲ್ಲಿ ಪ್ರಕಟವಾಗಿ ಲೇಖಕಿಯನ್ನು ಒಮ್ಮೆಗೇ ಪ್ರಸಿದ್ಧಿಗೆ ತಂದಿತು. ನಾಯಕಿ ಇಂಡಿಯಾನಾ ಹಿಂದೂಮಹಾಸಾಗರದ ಬೂರ್ಬೋಂ ದ್ವೀಪದಲ್ಲಿ, ಅಂದರೆ ಇಂದಿನ ರೆಯೂನಿಯೋಂನಲ್ಲಿ ಹುಟ್ಟಿದವಳು. ಆಕೆಯ ಹೆಸರು ಭಾರತವನ್ನು ನೆನಪಿಸಿದರೂ ಕಥೆಗೂ ಭಾರತಕ್ಕೂ ನೇರ ಸಂಬಂಧವಿಲ್ಲ. ಆ ದ್ವೀಪವನ್ನು ಸಾಂಡ್ ಕಂಡಿರಲಿಲ್ಲ. ಅಲ್ಲಿಗೆ ಹೋಗಿಬಂದಿದ್ದ ಸಸ್ಯಶಾಸ್ತ್ರಜ್ಞ ಗೆಳೆಯ ಜೂಲ್ ನೆರೋನ ಟಿಪ್ಪಣಿಗಳನ್ನು ಬಳಸಿಕೊಂಡಳು. ವಯಸ್ಸಾದ ನಿವೃತ್ತ ಸೈನ್ಯಾಧಿಕಾರಿ ದೆಲ್ಮಾರ್‌ನ ಹೆಂಡತಿಯಾದ ಇಂಡಿಯಾನಾ ರೇಮೋಂ ಎಂಬ ಮಾತುಗಾರ ಯುವಕನ ಪ್ರೀತಿಯನ್ನು ನಂಬುತ್ತಾಳೆ. ಅದೇ ಯುವಕ ಆಕೆಯ ಸೇವಕಿ ನೂನ್‌ಳನ್ನು ಮೊದಲೇ ಮೋಸಗೊಳಿಸಿರುತ್ತಾನೆ. ನೂನ್ ನೀರಿಗೆ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾಳೆ. ಗಂಡನ ಅಧಿಕಾರ, ಪ್ರಿಯಕರನ ವಂಚನೆ ಎರಡನ್ನೂ ದಾಟಿ ಬರುವ ನಾಯಕಿ ಕೊನೆಗೆ ಬಂಧುವಾದ ರಾಲ್ಫ್‌ನೊಡನೆ ದ್ವೀಪದ ಏಕಾಂತದಲ್ಲಿ ನೆಲೆಸುತ್ತಾಳೆ. ಅಲ್ಲಿ ಅವರಿಬ್ಬರೂ ತಮ್ಮ ಸಂಪಾದನೆಯಿಂದ ಮುದಿ, ನಿಶ್ಶಕ್ತ ಗುಲಾಮರನ್ನು ಕೊಂಡು ಬಿಡುಗಡೆ ಮಾಡುವುದು ಗಮನಿಸಬೇಕಾದ ಅಂಶ. ಫ್ರಾನ್ಸಿನ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದದ್ದು 1848ರಲ್ಲಿ. ಅದಕ್ಕೆ ಹದಿನಾರು ವರ್ಷ ಮೊದಲೇ ಹೆಂಡತಿಯ ಸ್ಥಿತಿಯನ್ನೂ ಗುಲಾಮರ ಸ್ಥಿತಿಯನ್ನೂ ಒಂದೇ ಕಥನದೊಳಗೆ ತಂದದ್ದು ಈ ಕೃತಿಯ ವೈಶಿಷ್ಟ್ಯ. ಆದರೆ ನೂನ್‌ಳ ಸಾವು ಒಡತಿಯ ಕಥೆಗೆ ಮೆಟ್ಟಿಲಾಗಿ ಬಳಕೆಯಾಗಿದೆ ಎಂಬ ನಂತರದ ವಿಮರ್ಶಕರ ಆಕ್ಷೇಪವೂ ಸಕಾರಣವಾದುದೇ.

ಅದೇ ವರ್ಷದ 'ವಾಲೆಂತಿನ್' ಕುಲೀನ ಯುವತಿ ಮತ್ತು ರೈತ ಕುಟುಂಬದ ವಿದ್ಯಾವಂತ ಯುವಕನ ನಡುವಿನ ಪ್ರೇಮದ ಮೂಲಕ ಹೊಂದಾಣಿಕೆಯ ಮದುವೆಯ ಕ್ರೌರ್ಯವನ್ನು ತೋರಿಸುತ್ತದೆ. 1833ರ 'ಲೆಲಿಯಾ' ಇನ್ನಷ್ಟು ದಿಟ್ಟವಾದುದು. ಶ್ರದ್ಧೆಯನ್ನೂ ಪ್ರೀತಿಯನ್ನೂ ಕಳೆದುಕೊಂಡ ಹೆಣ್ಣೊಬ್ಬಳ ದೇಹ ಮನಸ್ಸುಗಳ ಬರಡುತನವನ್ನು ಅದು ಮುಚ್ಚುಮರೆಯಿಲ್ಲದೆ ಹೇಳಿತು. ಸಂಶಯ, ವಿಷಾದಗಳು ರಮ್ಯಸಾಹಿತ್ಯದಲ್ಲಿ ಅದುವರೆಗೆ ಗಂಡಿನ ಸ್ವತ್ತಾಗಿದ್ದವು. ಹೆಣ್ಣು ಆ ಪಾತ್ರದಲ್ಲಿ ಬಂದು ನಿಂತಾಗ ಓದುಗರು ಬೆಚ್ಚಿದರು. ಅದನ್ನು ಆಕೆ 1839ರಲ್ಲಿ ಬದಲಾಯಿಸಿ ಮತ್ತೆ ಪ್ರಕಟಿಸಿದಳು.

ಈ ಕೃತಿಗಳನ್ನು ವಿವಾಹಸಂಸ್ಥೆಯ ವಿರುದ್ಧದ ಯುದ್ಧವೆಂದು ಸಮಕಾಲೀನರು ಬಣ್ಣಿಸಿದರು. ವಾಸ್ತವದಲ್ಲಿ ಸಾಂಡ್ ವಿರೋಧಿಸಿದ್ದು ವಿವಾಹವನ್ನಲ್ಲ, ಒಬ್ಬರನ್ನು ಒಡೆಯನನ್ನಾಗಿಯೂ ಇನ್ನೊಬ್ಬರನ್ನು ಆಳನ್ನಾಗಿಯೂ ಮಾಡುವ ವಿವಾಹದ ಕಾನೂನನ್ನು. ಇದಕ್ಕೆ ಉತ್ತಮ ನಿದರ್ಶನ 1837ರ 'ಮೋಪ್ರಾ'. ದರೋಡೆಕೋರ ಜಮೀನುದಾರರ ನಡುವೆ ಕಾಡುಮನುಷ್ಯನಂತೆ ಬೆಳೆದ ಬೆರ್ನಾರ್, ಎದ್ಮೆ ಎಂಬ ಯುವತಿಯ ಪ್ರೀತಿಗೆ ಅರ್ಹನಾಗಲು ವರ್ಷಗಟ್ಟಲೆ ಓದಿ, ತಿದ್ದಿಕೊಂಡು, ಮನುಷ್ಯನಾಗುತ್ತಾನೆ. ಮದುವೆಗೆ ಮೊದಲು ಶಿಕ್ಷಣ ಬೇಕಾದದ್ದು ಹೆಣ್ಣಿಗೆ ಎಂಬ ರೂಸೋನ ಕ್ರಮವನ್ನು ತಲೆಕೆಳಗುಮಾಡಿ, ಇಲ್ಲಿ ಗಂಡನ್ನೇ ವಿದ್ಯಾರ್ಥಿಯ ಸ್ಥಾನದಲ್ಲಿ ಕೂರಿಸಲಾಗಿದೆ.

ನ್ಯಾಯಾಲಯದಲ್ಲಿ

'ಮೋಪ್ರಾ' ರಚನೆಯ ಕಾಲದಲ್ಲಿಯೇ ಸಾಂಡ್ ತನ್ನ ಸ್ವಂತ ವಿವಾಹದ ವ್ಯಾಜ್ಯವನ್ನು ಎದುರಿಸುತ್ತಿದ್ದಳು. 1835ರ ಅಕ್ಟೋಬರ್‌ನಲ್ಲಿ ನೊಆಂನಲ್ಲಿ ಅತಿಥಿಗಳ ಎದುರಿನಲ್ಲಿಯೇ ಕಾಸಿಮೀರ್ ಹೆಂಡತಿಯ ಮೇಲೆ ಏರಿಹೋದ. ಗಣರಾಜ್ಯವಾದಿ ವಕೀಲ ಮಿಶೆಲ್ ದ ಬೂರ್ಜ್ ನೆರವಿನಿಂದ ಆಕೆ ನ್ಯಾಯಾಲಯಕ್ಕೆ ಹೋದಳು. ವಿಚ್ಛೇದನ ಇಲ್ಲದ ಕಾಲವಾದ್ದರಿಂದ ಕೇಳಬಹುದಾಗಿದ್ದುದು ಪ್ರತ್ಯೇಕ ವಾಸವನ್ನು ಮಾತ್ರ. ಆಕೆಯ ಖಾಸಗಿ ಬದುಕು ಮತ್ತು ಕಾದಂಬರಿಗಳು ಎರಡನ್ನೂ ವಾದಪ್ರತಿವಾದಗಳಲ್ಲಿ ಎಳೆದಾಡಲಾಯಿತು. 1836ರ ಜುಲೈನಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿದು ನೊಆಂ ಆಕೆಗೆ ಮರಳಿ ದೊರೆಯಿತು. ಹುಟ್ಟಿನಿಂದ ಬಂದಿದ್ದ ಮನೆಯನ್ನು ವ್ಯಾಜ್ಯ ಹೂಡಿ ಗೆಲ್ಲಬೇಕಾಗಿ ಬಂದ ಈ ಅನುಭವ ಆಕೆಯ ವಿಚಾರಗಳಿಗೆ ಗಟ್ಟಿಯಾದ ನೆಲೆಯನ್ನು ಒದಗಿಸಿತು. ಹೆಣ್ಣಿನ ಬಿಡುಗಡೆಯ ಬೀಗ ನಾಗರಿಕ ಕಾನೂನಿನಲ್ಲಿದೆ ಎಂಬುದು ಆಕೆಗೆ ಅಂದಿನಿಂದ ತತ್ತ್ವವಾಗಿ ಉಳಿಯದೆ ಅನುಭವಸಿದ್ಧ ಸತ್ಯವಾಯಿತು.

ಪ್ರೀತಿ, ಕಲೆ, ಸಮತೆ

ಕವಿ ಆಲ್ಫ್ರೆಡ್ ದ ಮ್ಯುಸೆ ಜೊತೆಗಿನ ಸಂಬಂಧ 1833ರಲ್ಲಿ ಆರಂಭವಾಗಿ ವೆನಿಸ್ ಪ್ರವಾಸದ ಕಾಯಿಲೆ, ಜಗಳಗಳ ನಡುವೆ ಒಡೆಯಿತು. ಮ್ಯುಸೆ 1836ರಲ್ಲಿ, ಸಾಂಡ್ 1859ರಲ್ಲಿ ಅದನ್ನು ಕಾದಂಬರಿಗೆ ವಸ್ತುವಾಗಿಸಿಕೊಂಡರು. ಶೋಪಾಂ ಜೊತೆಗಿನ ಒಡನಾಟ 1838ರಿಂದ 1847ರವರೆಗೆ ನಡೆಯಿತು. ಮಯೋರ್ಕಾ ದ್ವೀಪದ ವಾಲ್ದೆಮೋಸಾ ಮಠದಲ್ಲಿ ಕಳೆದ 1838-39ರ ಚಳಿಗಾಲ ಮಳೆ, ಕ್ಷಯ, ಊರವರ ಬಹಿಷ್ಕಾರಗಳಿಂದ ದುಸ್ಸಹವಾಗಿತ್ತು. ಮುಂದಿನ ಬೇಸಗೆಗಳಲ್ಲಿ ನೊಆಂ ಶೋಪಾಂಗೆ ನೆಮ್ಮದಿಯ ನೆಲೆಯಾಯಿತು; ಆತನ ಅನೇಕ ಪ್ರಮುಖ ರಚನೆಗಳು ಅಲ್ಲಿ ರೂಪುಗೊಂಡವು. ಮಗಳು ಸೊಲಾಂಜ್ ಶಿಲ್ಪಿ ಕ್ಲೆಸಾಂಜೆಯನ್ನು ಮದುವೆಯಾದ ನಂತರ ಎದ್ದ ಕೌಟುಂಬಿಕ ಕಲಹದಲ್ಲಿ ಶೋಪಾಂ ಮಗಳ ಪರವಾಗಿ ನಿಂತದ್ದರಿಂದ ಆ ಸಂಬಂಧ ಮುಗಿಯಿತು. ತಾಯಿ ಮಗಳ ನಡುವಿನ ಬಿರುಕು ಮಾತ್ರ ಕೊನೆಯತನಕ ಪೂರ್ತಿ ಕೂಡಲಿಲ್ಲ. ಬಾಲ್ಯದಲ್ಲಿ ತಾಯಿಯಿಂದ ಅಗಲಿದ ನೋವನ್ನು ಅಷ್ಟು ಆಳವಾಗಿ ಬರೆದ ಲೇಖಕಿ ತನ್ನ ಮಗಳ ಮನಸ್ಸನ್ನು ಗೆಲ್ಲಲಾರದೆ ಹೋದದ್ದು ಆಕೆಯ ಬದುಕಿನ ದೊಡ್ಡ ದುಃಖ.

ಈ ಅವಧಿಯಲ್ಲಿ ಆಕೆಯ ವಿಚಾರಗಳನ್ನು ರೂಪಿಸಿದವನು ಸಮಾಜವಾದಿ ಚಿಂತಕ ಪಿಯೆರ್ ಲೆರೂ. ಮನುಷ್ಯಕುಲ ಒಂದೇ ಜೀವಪ್ರವಾಹ, ಸಮತೆಯೇ ಅದರ ಧರ್ಮ ಎಂಬ ಆತನ ಚಿಂತನೆಯಲ್ಲಿ ಕ್ರೈಸ್ತ ಶ್ರದ್ಧೆಯೂ ಕ್ರಾಂತಿಯ ಆದರ್ಶವೂ ಬೆರೆತಿದ್ದವು. ಎರಡು ಕುಲಗಳ ನಡುವೆ ಸೀಳಿಹೋಗಿದ್ದ ಸಾಂಡ್‌ಗೆ ಇದು ತನ್ನೊಳಗಿನ ಒಡಕನ್ನು ಬೆಸೆಯುವ ದರ್ಶನವಾಗಿ ಕಂಡಿತು. ಕುಶಲಕರ್ಮಿಗಳ ಸಂಘಗಳನ್ನು ಕುರಿತು ಬಡಗಿ ಆಗ್ರಿಕೋಲ್ ಪೆರ್ದಿಗಿಯೆ ಬರೆದ ಪುಸ್ತಕದಿಂದ ಪ್ರೇರಣೆ ಪಡೆದು ಆಕೆ 1840ರಲ್ಲಿ ಬಡಗಿಯೊಬ್ಬನನ್ನು ನಾಯಕನನ್ನಾಗಿಸಿ ಕಾದಂಬರಿ ಬರೆದಳು. ತೂಲೋಂ ಪಟ್ಟಣದ ಗಾರೆಕೆಲಸಗಾರ ಕವಿ ಶಾರ್ಲ್ ಪೋನ್ಸಿಗೆ ವರ್ಷಗಟ್ಟಲೆ ಪತ್ರ ಬರೆದು ಉತ್ತೇಜಿಸಿದಳು. ಮಧ್ಯಮವರ್ಗದ ಯುವಕನ ಪೊಳ್ಳುತನವನ್ನು ಬಯಲುಮಾಡುವ 'ಓರಾಸ್' ಕಾದಂಬರಿಯನ್ನು, ಅದುವರೆಗೆ ತನ್ನ ಕೃತಿಗಳನ್ನು ಪ್ರಕಟಿಸುತ್ತಿದ್ದ ಪತ್ರಿಕೆ ನಿರಾಕರಿಸಿದಾಗ, 1841ರಲ್ಲಿ ಲೆರೂ ಮತ್ತು ಲೂಯಿ ವಿಯಾರ್ದೋ ಜೊತೆಗೂಡಿ ಹೊಸ ಪತ್ರಿಕೆಯನ್ನೇ ಸ್ಥಾಪಿಸಿದಳು. ಆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ 'ಕೊನ್ಸ್ಯುಯೆಲೊ' ಹದಿನೆಂಟನೆಯ ಶತಮಾನದ ಬಡ ಗಾಯಕಿಯೊಬ್ಬಳ ಕಥೆ. ಗಾಯಕಿ ಪೋಲೀನ್ ವಿಯಾರ್ದೋಳ ಛಾಯೆ ನಾಯಕಿಯಲ್ಲಿದೆ. ಇಲ್ಲಿ ಹೆಣ್ಣು ಪ್ರೀತಿಗಾಗಿ ಬಾಳುವವಳಲ್ಲ, ತನ್ನ ಕಲೆಗೆ ನಿಷ್ಠಳಾಗಿ ಬಾಳುವವಳು.

ಹಳ್ಳಿಯ ಕಾದಂಬರಿಗಳು ಮತ್ತು ಭಾಷೆಯ ಪ್ರಶ್ನೆ

ಸಾಂಡ್‌ಳ ಕೃತಿಗಳಲ್ಲಿ ಹೆಚ್ಚು ಕಾಲ ಓದಿಸಿಕೊಂಡು ಬಂದಿರುವುದು ಬೆರಿ ಪ್ರಾಂತದ ಹಳ್ಳಿಗಳನ್ನು ಕುರಿತ ಕಾದಂಬರಿಗಳು: 1846ರ 'ದೆವ್ವದ ಮಡು', 1847-48ರ 'ಅನಾಥ ಫ್ರಾಂಸ್ವಾ', 1849ರ 'ಪುಟ್ಟ ಫಾದೆತ್', 1853ರ 'ವಾದ್ಯದ ಒಡೆಯರು'. ಹೆಂಡತಿಯನ್ನು ಕಳೆದುಕೊಂಡ ಉಳುವವ, ಹೊಲದಲ್ಲಿ ಬಿಟ್ಟುಹೋದ ಅನಾಥ ಮಗು, ಮಾಟಗಾತಿಯ ಮೊಮ್ಮಗಳೆಂದು ಊರು ದೂರವಿಟ್ಟ ಹುಡುಗಿ, ಊದುವಾದ್ಯದ ಕಲಾವಿದರು — ಅಂದಿನ ಫ್ರೆಂಚ್ ಕಾದಂಬರಿಯಲ್ಲಿ ನಗೆಪಾಟಲಿಗೋ ಹಿನ್ನೆಲೆಗೋ ಸೀಮಿತವಾಗಿದ್ದ ಜನ ಇಲ್ಲಿ ನಾಯಕಸ್ಥಾನಕ್ಕೆ ಬಂದರು.

ಇವುಗಳ ರಚನೆಯಲ್ಲಿ ಸಾಂಡ್ ಎದುರಿಸಿದ ಸಮಸ್ಯೆ ಭಾಷೆಯದು. ರೈತ ತನ್ನ ಆಡುಮಾತಿನಲ್ಲಿಯೇ ಮಾತಾಡಿದರೆ ಪ್ಯಾರಿಸ್ಸಿನ ಓದುಗನಿಗೆ ತಿಳಿಯದು. ಶಿಷ್ಟಭಾಷೆಯಲ್ಲಿ ಮಾತಾಡಿದರೆ ಆತ ರೈತನಾಗಿ ಉಳಿಯುವುದಿಲ್ಲ. 'ಅನಾಥ ಫ್ರಾಂಸ್ವಾ' ಕೃತಿಯ ಮುನ್ನುಡಿಯಲ್ಲಿ ಆಕೆ ಇದನ್ನು ಚರ್ಚಿಸಿ, ಒಂದು ಬದಿಗೆ ನಗರದವನೂ ಇನ್ನೊಂದು ಬದಿಗೆ ಹಳ್ಳಿಯವನೂ ಕುಳಿತಿದ್ದರೆ ಇಬ್ಬರಿಗೂ ಅರ್ಥವಾಗುವಂತೆ ಕಥೆ ಹೇಳುವುದೇ ತನ್ನ ಗುರಿಯೆಂದು ಸ್ಪಷ್ಟಪಡಿಸುತ್ತಾಳೆ. ಸಂಜೆಯ ಹೊತ್ತು ಹಳ್ಳಿಯವರ ನಡುವೆ ಕಥೆ ಹೇಳುವ ಸೆಣಬು ಹದಮಾಡುವವನೊಬ್ಬನನ್ನು ನಿರೂಪಕನನ್ನಾಗಿ ತಂದದ್ದು ಆಕೆ ಕಂಡುಕೊಂಡ ಉಪಾಯ. ಹೀಗೆ ಮೌಖಿಕ ಪರಂಪರೆಯ ಲಯ ಕಾದಂಬರಿಯ ಗದ್ಯದೊಳಗೆ ಪ್ರವೇಶಿಸಿತು. ಪ್ರಾದೇಶಿಕ ನುಡಿ ಮತ್ತು ಶಿಷ್ಟನುಡಿಗಳ ಸಂಬಂಧ ಕನ್ನಡದ ಕಥನ ಸಾಹಿತ್ಯಕ್ಕೂ ಜೀವಂತ ಪ್ರಶ್ನೆಯಾದ್ದರಿಂದ ಈ ಪ್ರಯೋಗ ಇಲ್ಲಿನ ವಿದ್ವಾಂಸರ ಅಧ್ಯಯನಕ್ಕೂ ಅರ್ಹವಾಗಿದೆ.

ಜಾನಪದ ಸಂಗ್ರಹದ ದೃಷ್ಟಿಯಿಂದಲೂ ಆಕೆಯ ಕೆಲಸ ಮಹತ್ವದ್ದು. 'ದೆವ್ವದ ಮಡು' ಕೃತಿಗೆ ಅನುಬಂಧವಾಗಿ ಬೆರಿ ಪ್ರಾಂತದ ಮದುವೆಯ ಆಚರಣೆಗಳನ್ನು ವಿವರವಾಗಿ ದಾಖಲಿಸಿದ್ದಾಳೆ. 1858ರಲ್ಲಿ ಮಗ ಮೊರೀಸ್‌ನ ಚಿತ್ರಗಳೊಡನೆ ಆ ಸೀಮೆಯ ಐತಿಹ್ಯಗಳ ಸಂಕಲನವೊಂದನ್ನು ಹೊರತಂದಳು. ಆಕೆಯ ಹಳ್ಳಿ ಅತಿಯಾಗಿ ಸೌಮ್ಯವಾದುದು, ಹಸಿವು ದ್ವೇಷಗಳನ್ನು ಮರೆಮಾಡಿದುದು ಎಂಬ ಟೀಕೆ ಇದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ 'ಪುಟ್ಟ ಫಾದೆತ್' ರಚಿತವಾದದ್ದು 1848ರ ರಕ್ತಪಾತದ ನಂತರ. ಸೋತ ಕಾಲದಲ್ಲಿ ಜನರಿಗೆ ಸಾಂತ್ವನ ಹೇಳುವುದೂ ಲೇಖಕನ ಕರ್ತವ್ಯ ಎಂಬ ನಂಬಿಕೆಯಿಂದ ಅದು ಬಂದಿದೆ.

1848: ಕ್ರಾಂತಿ ಮತ್ತು ನಿರಾಕರಣೆ

1848ರ ಫೆಬ್ರವರಿಯಲ್ಲಿ ರಾಜಪ್ರಭುತ್ವ ಉರುಳಿ ಗಣರಾಜ್ಯ ಸ್ಥಾಪನೆಯಾದಾಗ ಸಾಂಡ್ ಪ್ಯಾರಿಸ್ಸಿಗೆ ಧಾವಿಸಿದಳು. ಗೃಹಮಂತ್ರಿ ಲೆದ್ರ್ಯು ರೋಲಾಂ ಪರವಾಗಿ ಸರ್ಕಾರದ ಪ್ರಕಟಣಾಪತ್ರಗಳನ್ನು ಬರೆದಳು. 'ಜನರ ಪಕ್ಷ' ಎಂಬ ವಾರಪತ್ರಿಕೆಯನ್ನು ಆರಂಭಿಸಿದಳು. ಅದು ಮೂರು ಸಂಚಿಕೆಗಳಿಗೆ ನಿಂತಿತು. ಚುನಾವಣೆ ಜನರ ಆಶಯವನ್ನು ಪ್ರತಿಬಿಂಬಿಸದಿದ್ದರೆ ಜನ ಮತ್ತೆ ಬೀದಿಗಿಳಿಯಬೇಕಾದೀತು ಎಂಬ ಧ್ವನಿಯ ಆಕೆಯ ಹದಿನಾರನೆಯ ಪ್ರಕಟಣಾಪತ್ರ ದೊಡ್ಡ ವಿವಾದಕ್ಕೆ ಕಾರಣವಾಯಿತು.

ಅದೇ ಏಪ್ರಿಲ್ ತಿಂಗಳಲ್ಲಿ ಎಜೆನಿ ನಿಬೊಯೆ ನಡೆಸುತ್ತಿದ್ದ 'ಮಹಿಳೆಯರ ದನಿ' ಪತ್ರಿಕೆ ರಾಷ್ಟ್ರೀಯ ಸಭೆಯ ಚುನಾವಣೆಗೆ ಸಾಂಡ್‌ಳ ಹೆಸರನ್ನು ಸೂಚಿಸಿತು. ಗಂಡಸರೆಲ್ಲರಿಗೆ ಮತದಾನದ ಹಕ್ಕು ಬಂದಿತ್ತು, ಹೆಂಗಸರಿಗೆ ಇರಲಿಲ್ಲ. ಸಾಂಡ್ ಈ ಸೂಚನೆಯನ್ನು ಬಹಿರಂಗವಾಗಿ, ನಿಷ್ಠುರವಾಗಿ ತಳ್ಳಿಹಾಕಿದಳು. ತನ್ನ ಅನುಮತಿಯಿಲ್ಲದೆ ಹೆಸರನ್ನು ಬಳಸಿದ್ದಕ್ಕೆ ಅಸಮಾಧಾನ ಸೂಚಿಸಿದಳು. ಆ ಸಮಯದಲ್ಲಿಯೇ ಆಕೆ ಬರೆದ ಪತ್ರವೊಂದರಲ್ಲಿ ಈ ನಿಲುವಿನ ತರ್ಕವಿದೆ. ಮದುವೆಯಾದ ಹೆಣ್ಣು ಕಾನೂನಿನ ದೃಷ್ಟಿಯಲ್ಲಿ ಗಂಡನ ಅಧೀನಳು. ತನ್ನ ಪರವಾಗಿ ತಾನೇ ಸಹಿ ಮಾಡಲಾಗದವಳು ಇತರರ ಪ್ರತಿನಿಧಿಯಾಗುವುದು ಹೇಗೆ? ಮೊದಲು ವಿಚ್ಛೇದನದ ಹಕ್ಕು, ಆಸ್ತಿಯ ಹಕ್ಕು, ಮಕ್ಕಳ ಮೇಲಿನ ಹಕ್ಕು, ಶಿಕ್ಷಣ ಇವು ಬರಲಿ. ರಾಜಕೀಯ ಹಕ್ಕು ಅವುಗಳ ಫಲವಾಗಿ ತಾನೇ ಬರುತ್ತದೆ ಎಂಬುದು ಆಕೆಯ ವಾದದ ಸಾರ.

ಈ ತರ್ಕದ ಹಿಂದೆ 1836ರ ನ್ಯಾಯಾಲಯದ ಅನುಭವ ಇರುವುದು ಸ್ಪಷ್ಟ. ಆದರೆ ಇದರ ಮಿತಿಯೂ ಅಷ್ಟೇ ಸ್ಪಷ್ಟ. ಕಾನೂನನ್ನು ಬದಲಿಸುವ ಸಭೆಯಲ್ಲಿ ಹೆಂಗಸರಿಗೆ ಸ್ಥಾನವೇ ಇಲ್ಲದಿದ್ದರೆ ಆ ಬದಲಾವಣೆಯನ್ನು ತರುವವರು ಯಾರು ಎಂಬ ಪ್ರಶ್ನೆಗೆ ಆಕೆಯಲ್ಲಿ ಉತ್ತರವಿರಲಿಲ್ಲ. ಗಂಡಸರ ಗಣರಾಜ್ಯ ನ್ಯಾಯವನ್ನು ತಾನಾಗಿ ನೀಡುತ್ತದೆ ಎಂದು ಆಕೆ ನಂಬಿದ್ದಳು. ತನ್ನ ಲೇಖನಿ, ಮನೆ, ಹೆಸರುಗಳಿಂದ ಗಳಿಸಿದ ಅಸಾಮಾನ್ಯ ಸ್ಥಾನದಲ್ಲಿದ್ದವಳಿಗೆ ಸಂಘಟಿತ ಹೋರಾಟದ ಅಗತ್ಯ ಇತರ ಹೆಂಗಸರಿಗೆ ಕಂಡಷ್ಟು ತೀವ್ರವಾಗಿ ಕಾಣಲಿಲ್ಲ. ಆ ನಂಬಿಕೆ ಹೆಚ್ಚು ಕಾಲ ಉಳಿಯಲಿಲ್ಲ. ಮೇ ತಿಂಗಳಲ್ಲಿ ಬಂಧನದ ಭಯದಿಂದ ಆಕೆ ನೊಆಂಗೆ ಮರಳಿದಳು. ಜೂನ್ 23ರಿಂದ 26ರವರೆಗೆ ಗಣರಾಜ್ಯದ ಸೈನ್ಯವೇ ಪ್ಯಾರಿಸ್ಸಿನ ಕಾರ್ಮಿಕರನ್ನು ಕೊಂದಿತು. ತನ್ನ ಶ್ರಮಿಕರನ್ನು ಕೊಲ್ಲುವ ಗಣರಾಜ್ಯದಲ್ಲಿ ಆಕೆಗೆ ವಿಶ್ವಾಸ ಉಳಿಯಲಿಲ್ಲ.

ಕೊನೆಯ ವರ್ಷಗಳು

1851ರ ಡಿಸೆಂಬರ್‌ನಲ್ಲಿ ಲೂಯಿ ನೆಪೋಲಿಯನ್ ಅಧಿಕಾರವನ್ನು ವಶಪಡಿಸಿಕೊಂಡ. ಸಾವಿರಾರು ಗಣರಾಜ್ಯವಾದಿಗಳು ಸೆರೆಮನೆ, ಗಡೀಪಾರುಗಳಿಗೆ ಗುರಿಯಾದರು. 1852ರ ಆರಂಭದಲ್ಲಿ ಸಾಂಡ್ ಆತನನ್ನು ಕಂಡು ಬಂಧಿತರ ಪರವಾಗಿ ಬೇಡಿಕೊಂಡಳು. ಹಲವರ ಶಿಕ್ಷೆಯನ್ನು ತಪ್ಪಿಸಿದಳು, ಕೆಲವರದನ್ನು ತಗ್ಗಿಸಿದಳು. ಇದಕ್ಕಾಗಿ ತನ್ನ ಪಕ್ಷದವರ ಸಂಶಯವನ್ನೂ ಸಹಿಸಬೇಕಾಯಿತು. ತತ್ತ್ವದ ಶುದ್ಧಿಗಿಂತ ಮನುಷ್ಯರ ಪ್ರಾಣ ದೊಡ್ಡದೆಂದು ಆಕೆ ಭಾವಿಸಿದ್ದಳು.

1854-55ರಲ್ಲಿ ಆತ್ಮಕಥೆ 'ನನ್ನ ಬದುಕಿನ ಕಥೆ' ಧಾರಾವಾಹಿಯಾಗಿ ಬಂತು. ರಹಸ್ಯಗಳನ್ನು ನಿರೀಕ್ಷಿಸಿದ್ದ ಓದುಗರಿಗೆ ದೊರೆತದ್ದು ಎರಡು ಕುಲಗಳ, ಒಂದು ಯುಗದ ಚರಿತ್ರೆ. 1855ರ ಜನವರಿಯಲ್ಲಿ ಸೊಲಾಂಜ್‌ಳ ಪುಟ್ಟ ಮಗಳು ತೀರಿಕೊಂಡದ್ದು ಆಕೆಯನ್ನು ಕಂಗೆಡಿಸಿತು. 1850ರಿಂದ ಜೊತೆಗಿದ್ದು, ಆಕೆಯ ಕೆಲಸಕಾರ್ಯಗಳನ್ನು ನೋಡಿಕೊಳ್ಳುತ್ತಿದ್ದ ಕೆತ್ತನೆಯ ಕಲಾವಿದ ಆಲೆಕ್ಸಾಂದ್ರ್ ಮಾನ್ಸೋ 1865ರಲ್ಲಿ ಕ್ಷಯದಿಂದ ಮೃತನಾದ.

ಪುರೋಹಿತಶಾಹಿಯನ್ನು ಟೀಕಿಸುವ 'ಮದ್ಮ್ವಾಝೆಲ್ ಲಾ ಕ್ಯಾಂತಿನಿ' ಕಾದಂಬರಿ 1863ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆಕೆಯ ಕಾದಂಬರಿಗಳು ಕ್ಯಾಥೊಲಿಕ್ ಚರ್ಚಿನ ನಿಷಿದ್ಧಗ್ರಂಥಗಳ ಪಟ್ಟಿಗೆ ಸೇರಿದವು. ತನಗಿಂತ ಹದಿನೇಳು ವರ್ಷ ಕಿರಿಯನಾದ ಫ್ಲೋಬೇರ್ ಜೊತೆ ಆಕೆ ನಡೆಸಿದ ಪತ್ರವ್ಯವಹಾರ ಹತ್ತೊಂಬತ್ತನೆಯ ಶತಮಾನದ ಸಾಹಿತ್ಯ ಚಿಂತನೆಯ ದೊಡ್ಡ ಆಕರ. ಲೇಖಕ ತನ್ನ ಕೃತಿಯಲ್ಲಿ ಕಾಣಿಸಿಕೊಳ್ಳಬಾರದು ಎಂಬುದು ಫ್ಲೋಬೇರ್‌ನ ನಿಲುವು. ಓದುಗನ ಬದುಕಿಗೆ ಏನನ್ನೂ ಹೇಳದ ನಿರ್ಲಿಪ್ತತೆ ಅಪೂರ್ಣ ಎಂಬುದು ಸಾಂಡ್‌ಳ ನಿಲುವು. ಇಬ್ಬರೂ ಪರಸ್ಪರರನ್ನು ಒಪ್ಪಿಸಲಾಗಲಿಲ್ಲ. ಆದರೂ ಆಕೆಯ ಸಂತೋಷಕ್ಕಾಗಿಯೇ ಫ್ಲೋಬೇರ್ ಮುಗ್ಧ ಸೇವಕಿಯೊಬ್ಬಳ ಕಥೆಯನ್ನು ಬರೆಯಲಾರಂಭಿಸಿದ. ಅದನ್ನು ಮುಗಿಸುವ ಮೊದಲೇ ಆಕೆ ತೀರಿಕೊಂಡಳು. 1871ರ ಪ್ಯಾರಿಸ್ ಕಮ್ಯೂನ್ ದಂಗೆಯನ್ನು ಮಾತ್ರ ಸಾಂಡ್ ಒಪ್ಪಲಿಲ್ಲ. ಇದು ಆಕೆಯ ಸಮಾಜವಾದದ ಎಲ್ಲೆಯನ್ನು ತೋರಿಸುತ್ತದೆ.

ಮೊಮ್ಮಕ್ಕಳಿಗೆ ಕಥೆ ಬರೆಯುತ್ತ, ಮಗನ ಗೊಂಬೆಯಾಟದ ಗೊಂಬೆಗಳಿಗೆ ಬಟ್ಟೆ ಹೊಲಿಯುತ್ತ, ರಾತ್ರಿಗಳಲ್ಲಿ ಕಾದಂಬರಿ ಬರೆಯುತ್ತ ಆಕೆ ಕೊನೆಯ ವರ್ಷಗಳನ್ನು ನೊಆಂನಲ್ಲಿ ಕಳೆದಳು. 1876ರ ಜೂನ್ 8ರಂದು ಅಲ್ಲಿಯೇ ತೀರಿಕೊಂಡಳು. ಜೂನ್ 10ರ ಮಳೆಯಲ್ಲಿ ನಡೆದ ಅಂತ್ಯಕ್ರಿಯೆಗೆ ಫ್ಲೋಬೇರ್, ರೆನಾಂ ಮೊದಲಾದವರೊಂದಿಗೆ ಸುತ್ತಲಿನ ರೈತರೂ ನೆರೆದಿದ್ದರು; ವಿಕ್ಟರ್ ಹ್ಯೂಗೋ ಕಳುಹಿಸಿದ ಶ್ರದ್ಧಾಂಜಲಿಯನ್ನು ಓದಲಾಯಿತು. ಚರ್ಚನ್ನು ವಿರೋಧಿಸಿದ್ದವಳಿಗೆ ಮಗಳ ಒತ್ತಾಯದ ಮೇರೆಗೆ ಚರ್ಚಿನ ವಿಧಿಯಂತೆ ಸಂಸ್ಕಾರ ನಡೆಯಿತು. ಅದೇ ತಿಂಗಳು ದೂರದ ರಷ್ಯಾದಲ್ಲಿ ದಸ್ತಯೇವ್‌ಸ್ಕಿ ತನ್ನ ನಿಯತಕಾಲಿಕೆಯಲ್ಲಿ ಆಕೆಯ ಬಗ್ಗೆ ದೀರ್ಘವಾಗಿ, ಕೃತಜ್ಞತೆಯಿಂದ ಬರೆದ.

ಸಮಾರೋಪ

ಜಾರ್ಜ್ ಸಾಂಡ್‌ಳ ಜೀವನದೃಷ್ಟಿಯ ಕೇಂದ್ರದಲ್ಲಿರುವುದು ಒಡೆದುದನ್ನು ಕೂಡಿಸುವ ಹಂಬಲ. ಕುಲೀನ ಮತ್ತು ಶ್ರಮಿಕ, ನಗರ ಮತ್ತು ಹಳ್ಳಿ, ಶಿಷ್ಟನುಡಿ ಮತ್ತು ಆಡುನುಡಿ, ಗಂಡು ಮತ್ತು ಹೆಣ್ಣು ಎಂಬ ಒಡಕುಗಳನ್ನು ಸಮತೆಯ ನೆಲೆಯಲ್ಲಿ ಬೆಸೆಯಲು ಆಕೆಯ ಕಾದಂಬರಿಗಳು ಪ್ರಯತ್ನಿಸಿದವು. ಈ ಹಂಬಲ ಕೆಲವೊಮ್ಮೆ ಸಂಘರ್ಷದ ಕಾಠಿಣ್ಯವನ್ನು ಮೃದುಗೊಳಿಸಿತೆಂಬುದೂ ನಿಜ.

1848ರ ಆಕೆಯ ನಿಲುವಿನ ಸರಿತಪ್ಪುಗಳನ್ನು ನಂತರದ ಚರಿತ್ರೆಯ ಬೆಳಕಿನಲ್ಲಿ ಅಳೆಯಬಹುದು. ವಿಚ್ಛೇದನದ ಹಕ್ಕು ಫ್ರಾನ್ಸಿನಲ್ಲಿ ಮರಳಿ ಬಂದದ್ದು 1884ರಲ್ಲಿ, ಆಕೆ ತೀರಿಕೊಂಡ ಎಂಟು ವರ್ಷಗಳ ಮೇಲೆ. ವಿವಾಹಿತ ಸ್ತ್ರೀಗೆ ತನ್ನ ಗಳಿಕೆಯ ಮೇಲೆ ಹಕ್ಕು ದೊರೆತದ್ದು 1907ರಲ್ಲಿ. ವಿಧೇಯತೆಯ ವಿಧಿ ರದ್ದಾದದ್ದು 1938ರಲ್ಲಿ. ಮತದಾನದ ಹಕ್ಕು 1944ರಲ್ಲಿ ಬಂತು. ಗಂಡನ ಒಪ್ಪಿಗೆಯಿಲ್ಲದೆ ಉದ್ಯೋಗ ಹಿಡಿಯುವ, ಬ್ಯಾಂಕ್ ಖಾತೆ ತೆರೆಯುವ ಹಕ್ಕು ಬಂದದ್ದು ಮತದ ಹಕ್ಕಿನ ಇಪ್ಪತ್ತೊಂದು ವರ್ಷಗಳ ನಂತರ, 1965ರಲ್ಲಿ. ರೋಗ ಎಲ್ಲಿದೆ ಎಂಬುದನ್ನು ಸಾಂಡ್ ಸರಿಯಾಗಿಯೇ ಗುರುತಿಸಿದ್ದಳು: ಮತದ ಹಕ್ಕು ಬಂದ ಮೇಲೂ ಮನೆಯೊಳಗಿನ ಅಸಮಾನತೆ ಕಾನೂನಿನಲ್ಲಿ ಉಳಿದಿತ್ತು. ಆದರೆ ನಾಗರಿಕ ಸಮಾನತೆ ಪೂರ್ಣವಾದ ಮೇಲೆ ಮತ ತಾನಾಗಿ ಬರುತ್ತದೆ ಎಂಬ ಆಕೆಯ ಕ್ರಮವನ್ನು ಚರಿತ್ರೆ ಅನುಸರಿಸಲಿಲ್ಲ. ಮನೆ ಮತ್ತು ಸಭೆ ಎರಡೂ ಕಡೆ ಹೋರಾಟ ಒಟ್ಟಿಗೆ ನಡೆಯಬೇಕಾಗಿತ್ತು. ಆಕೆ ನಿರಾಕರಿಸಿದ ಮಹಿಳೆಯರು ಒಂದು ತುದಿಯನ್ನೂ ಆಕೆಯ ಕಾದಂಬರಿಗಳು ಇನ್ನೊಂದು ತುದಿಯನ್ನೂ ಹಿಡಿದಿದ್ದವು. ಸಾಂಡ್‌ಳನ್ನು ಸ್ತ್ರೀವಾದದ ಮೂಲಪುರುಷೆಯೆಂದು ವೈಭವೀಕರಿಸುವುದಾಗಲಿ, ಆ ಒಂದು ನಿರಾಕರಣೆಗಾಗಿ ಬದಿಗಿರಿಸುವುದಾಗಲಿ ಈ ಸಂಕೀರ್ಣತೆಯನ್ನು ಸರಳಗೊಳಿಸಿದಂತಾಗುತ್ತದೆ. ಆಕೆಯ ಪ್ರಣಯಗಳ ಕಥೆಗಿಂತ, ಆಕೆ ಹೂಡಿದ ವ್ಯಾಜ್ಯ, ದುಡಿದು ಗಳಿಸಿದ ಹೆಸರು ಮತ್ತು ಬರೆದ ಕಾದಂಬರಿಗಳಲ್ಲಿ ಆಕೆಯ ನಿಜವಾದ ಜೀವನಚರಿತ್ರೆಯಿದೆ.